ಒಂದೇ ಗುಂಡಿಯ ಕ್ಯಾಮೆರಾ

ಮೂಗೂರು
೧೦-೩-೧೯೯೭

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಮಸ್ಕತ್ತಿನ ಬಿಸಿಲಿಗೆ ನಿನ್ನ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ನಿಂತಿತೇ? ಅಮ್ಮ ದಿನಾ ಕೇಳುತ್ತಾಳೆ. ನಾವೆಲ್ಲ ಕ್ಷೇಮ ಎಂದು ಬರೆಯಬೇಕಂತೆ, ಅಪ್ಪನ ಅಪ್ಪಣೆ. ಬರೆದಿದ್ದೇನೆ. ಇನ್ನು ಜಗಳಕ್ಕೆ ಬರುತ್ತೇನೆ.

ನಿನ್ನ ಕಾಗದ ಓದಿ ಮೈ ಉರಿದುಹೋಯಿತು. ನಿನ್ನ ಸ್ನೇಹಿತ ಚಿಕ್ಕಸ್ವಾಮಿ ರಜೆ ಮುಗಿಸಿ ಅಲ್ಲಿಗೆ ಬಂದವನೇ, "ನಿನ್ ತಂಗಿ ಬಂಗಾರದಂಥ ಕ್ಯಾಮೆರಾನ ಬೀರುಲಿಟ್ಬುಟ್ಟು, ಪ್ಲಾಸ್ಟಿಕ್ ಡಬ್ಬ ತಕ್ಕಂಡವ್ಳೆ ಕಣ್ಲಾ" ಎಂದು ಚಾಡಿ ಹೇಳಿದನಂತೆ. ನೀನು ಕೂಡಲೇ ನನಗೆ ಬುದ್ಧಿ ಇಲ್ಲ ಎಂದು ಬರೆದೆ. ಮೂರು ಸಲ ರಜೆ ಮುಂದಕ್ಕೆ ಹಾಕಿದವರ ಬುದ್ಧಿ ಎಲ್ಲಿತ್ತೋ? "ಎಲ್ರ ಫೋಟೊ ತೆಗೆದು ಕಳ್ಸು, ನಾನೇ ಬಂದಂಗಾಯ್ತದೆ" ಅಂದೆಯಲ್ಲ, ಆ ಮಾತಿಗೆ ನನಗೆ ಇನ್ನೂ ಕೋಪ ಆರಿಲ್ಲ.

ನೀನು ಕಳಿಸಿದ ಕ್ಯಾಮೆರಾದಲ್ಲಿ ಏನಿಲ್ಲ ಹೇಳು. ದೂರದ್ದನ್ನು ಹತ್ತಿರ ಮಾಡುತ್ತದೆ, ತಾರೀಖು ಹಾಕುತ್ತದೆ, ತಾನೇ ರೀಲು ಸುತ್ತಿಕೊಳ್ಳುತ್ತದೆ. ಆದರೆ ಗುಂಡಿ ಒತ್ತಿದರೆ ಮೊದಲು ಕೆಂಪು ದೀಪ, ಆಮೇಲೆ ಕೀಂ ಕೀಂ, ಆಮೇಲೆ ಫ್ಲ್ಯಾಷು. ಅಷ್ಟರಲ್ಲಿ ಅಪ್ಪ "ತಡಿಯವ್ವ" ಎಂದು ಶಾಲು ಎಳೆದುಕೊಂಡು, ಮದುವೆ ಫೋಟೊಕ್ಕೆ ಕೂತವರ ಹಾಗೆ ಸೆಟೆದುಬಿಡುತ್ತಾರೆ. ಒಂದು ರೀಲು ಪೂರ್ತಿ ತೊಳೆಸಿ ನೋಡಿದೆ. ಎಲ್ಲದರಲ್ಲೂ ಅದೇ ಶಾಲು, ಅದೇ ಸುಳ್ಳು ನಗು. ಅದನ್ನು ಕಳಿಸಿದ್ದರೆ ನೀನು ಸಂತೋಷಪಟ್ಟು ನಾಲ್ಕನೇ ಸಲವೂ ರಜೆ ಮುಂದಕ್ಕೆ ಹಾಕುತ್ತಿದ್ದೆ.

ಅದಕ್ಕೇ ನರಸೀಪುರಕ್ಕೆ ಹೋಗಿ ಈ ಪ್ಲಾಸ್ಟಿಕ್ ಡಬ್ಬ ತಂದೆ. ಅಂಗಡಿಯವರೇ ಬೇಡ ಅಂದರು. "ಇದ್ರಲ್ಲಿ ಏನೂ ಇಲ್ಲ ಕಣವ್ವ. ಒಂದ್ ಗುಂಡಿ, ಒತ್ತುದ್ರೆ ಮುಗೀತು. ದೀಪಾನೂ ಇಲ್ಲ, ಸದ್ದೂ ಇಲ್ಲ." ನನಗೆ ಬೇಕಾಗಿದ್ದುದೇ ಅದು. ಯಾರಿಗೆ ಬುದ್ಧಿ ಇಲ್ಲ ಎಂದು ಫೋಟೊ ನೋಡಿದ ಮೇಲೆ ಹೇಳು. ಐದು ಇಟ್ಟಿದ್ದೇನೆ. ನಾಲ್ಕು ನಿನ್ನ ಸಂತೋಷಕ್ಕೆ: ಅಮ್ಮ, ನಾನು, ಹೊಸ ಕರು, ಪುಟ್ಟಗೌರಮ್ಮತ್ತೆ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಕೋಪ ಹಾಗೇ ಇದೆ, ಆದರೂ ನಮಸ್ಕಾರ.

ಇಂತಿ ನಿನ್ನ ತಂಗಿ,
ಸರ್ವಮಂಗಳಾ

ತಾ.ಕ.: ಟಪಾಲಿನವರು ಬಂದರು, ಬೇಗ ಬರೆಯುತ್ತಿದ್ದೇನೆ. ಐದನೆಯದು ಅಪ್ಪ ಬೆಳಿಗ್ಗೆ ಜಗಲಿಯಲ್ಲಿ ಲಿಂಗಪೂಜೆಗೆ ಕೂತಾಗ ತೆಗೆದದ್ದು. ಲಿಂಗದ ಮೇಲೆ ದೃಷ್ಟಿ ಇಟ್ಟರೆ ಅವರು ತಲೆ ಎತ್ತುವುದಿಲ್ಲ, ನಾನು ತೆಗೆದದ್ದೂ ಗೊತ್ತಾಗಲಿಲ್ಲ. ಲಿಂಗ ಇಟ್ಟುಕೊಂಡ ಅವರ ಎಡಗೈ ನೋಡು. ಅದರ ಕೆಳಗೆ ಆನಿಸಿ ಹಿಡಿದಿರುವ ಕೈ ಅಮ್ಮನದು. ದೀಪಾವಳಿಯಿಂದ ಹೀಗೆ. ಯಾಕೆ ಎಂದು ನನ್ನನ್ನು ಕೇಳಬೇಡ. ಒಂದಕ್ಷರವೂ ಬರೆಯಕೂಡದು ಎಂದು ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಫೋಟೊ ತೆಗೆಯಬಾರದು ಎಂದು ಹೇಳಿರಲಿಲ್ಲ.