ನೀನು ತಂದ ಹೋಳಿಗೆ

ಕುಂಕಳ್ಳಿ, ೨೦೦೭

ಅವ್ವಾ,

ನೀನು ತೀರಿಹೋಗಿ ಎಂಟು ತಿಂಗಳಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ನಮ್ಮ ಪ್ರಾರ್ಥನೆಯಲ್ಲಿ ಎಲ್ಲರಿಗೂ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನವಿತ್ತು. ಮೂರು ದಿನ ಉಪವಾಸವಿದ್ದು, ಫ್ಯಾಕ್ಟರಿಯ ಬಿಡುವಿನಲ್ಲೂ ವಾಕ್ಯ ಬಾಯಿಪಾಠ ಮಾಡಿ ಸಿದ್ಧಳಾಗಿದ್ದೆ. ರೊಟ್ಟಿಯ ತಟ್ಟೆ ಸಾಲಿನಲ್ಲಿ ಬರುತ್ತಿರುವಾಗ ಪಾಸ್ಟರ್, "ಯಾರದರೆ ಮನಸ್ಸು ನೋಯಿಸಿದ್ರ, ಮದಲ ಅವರ ಕೂಡ ಸಮಾಧಾನ ಆಗ್ರಿ. ಆಮ್ಯಾಲ ಮುಟ್ರಿ" ಅಂದರು.

ತಟ್ಟೆ ನನ್ನ ಮುಂದೆ ಬಂದು ನಿಂತಿತು. ಎಲ್ಲರೂ ನೋಡುತ್ತಿದ್ದರು. ಕೈ ಏಳಲಿಲ್ಲ. ನನಗೆ ಕಂಡದ್ದು ನೀನು ಊರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಹೋಳಿಗೆಯ ಡಬ್ಬಿ.

"ಅದು ದೇವಿಗೆ ಎಡಿ ಹಿಡದದ್ದು. ನಾ ಮುಟ್ಟಂಗಿಲ್ಲ" ಅಂದಿದ್ದೆ ಅವತ್ತು, ಆಗಷ್ಟೇ ಪ್ರಾರ್ಥನೆಗೆ ಸೇರಿದ್ದ ಹೊಸ ವಿಶ್ವಾಸದ ಜಂಬದಲ್ಲಿ. ನೀನು ಡಬ್ಬಿಗೆ ಮುಚ್ಚಳ ಹಾಕಿದೆ. ಮಗಳು ಯಾಕೆ ತಿನ್ನಲಿಲ್ಲ ಎಂದು ಇಲ್ಲಿ ಪಕ್ಕದ ಮನೆಯ ಮುರುಗೆವ್ವ ಕೇಳಿದಾಗ ನನ್ನ ಪರವಾಗಿ ಉತ್ತರ ಕೊಟ್ಟವಳೂ ನೀನೇ.

ಇವತ್ತು ತಟ್ಟೆಯನ್ನು ಹಾಗೇ ಮುಂದಕ್ಕೆ ದಾಟಿಸಿದೆ. ಹೊರಗೆ ಬಂದಾಗ ಪಾಸ್ಟರಮ್ಮ ಕೈ ಹಿಡಿದು ನಿಲ್ಲಿಸಿದರು. "ಯಾಕ ನಂದಾ, ತಗೊಳ್ಳಲಿಲ್ಲ?"

"ಹೊಟ್ಟಿ ಸರಿ ಇಲ್ರೀ" ಅಂದೆ.

ಅವತ್ತು ನನ್ನ ಮಾನ ಉಳಿಸಲು ನೀನು ಮುರುಗೆವ್ವನಿಗೆ ಹೇಳಿದ ಸುಳ್ಳೂ ಇದೇ.