ಹೊಂಗೆ ಮರಕ್ಕೆ ಬಾಗಿದ ಗೋಡೆ

ಪ್ರೀತಿಯ ವಚನಾ,

ನನ್ನ ಕೈಬರಹ ಕಂಡು ನೀನು ಮೊದಲು ನಗುತ್ತೀಯ. ನಗು. ಇಟ್ಟಿಗೆ ನೆಟ್ಟಗಿಡುವವನ ಅಕ್ಷರ ಯಾಕಿಷ್ಟು ಸೊಟ್ಟ ಎಂದು ರೇಗಿಸುತ್ತಿದ್ದವಳು ನೀನೇ ತಾನೆ? ಫೋನ್ ಮಾಡಬಹುದಿತ್ತು, ನಿನ್ನ ಗೆಳತಿ ಸ್ಪಂದನ ನಂಬರ್ ಕೊಟ್ಟಿದ್ದಳು. ಆದರೆ ನೀನು ಹಲೋ ಅಂದ ಕೂಡಲೇ ನಾನು ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಮದುವೆಯಾಗಿ ನೀನು ಹೋದ ಮೈಸೂರಿನ ವಿಳಾಸ ಕೇಳಿ ತೆಗೆದುಕೊಂಡೆ.

ನಿನ್ನೆ ಮಾರೇನಹಳ್ಳಿಗೆ ಹೋಗಿದ್ದೆ, ನಾವೆಲ್ಲ ಸೇರಿ ಕಟ್ಟಿದ ಶಿಶುವಿಹಾರಕ್ಕೆ. ಬಡಾವಣೆ ಸಂಘದ ಅಧ್ಯಕ್ಷ ಲಕ್ಷ್ಮೀಪತಿಯವರು ಕರೆಸಿದ್ದರು. ಪಾರ್ಕಿನ ಕಡೆಯ ಗೋಡೆ ಒಡೆದು ನೆಟ್ಟಗೆ ಮಾಡಬೇಕಂತೆ. "ಸುಮ್ನೆ ಒಳಕ್ಕೆ ಬಾಗಿದೆ ಕಣಪ್ಪಾ, ಜಾಗ ವೇಸ್ಟು. ನೀನೇ ಕಟ್ಟಿದ್ದಲ್ವಾ, ನೀನೇ ಸರಿ ಮಾಡ್ಕೊಡು," ಅಂದರು. ಯಾಕೆ ಬಾಗಿದೆ ಎಂಬುದನ್ನೇ ಅವರು ಮರೆತಿದ್ದಾರೆ.

ಮೊದಮೊದಲು ನಾವು ಜಗಳವಾಡದ ದಿನವಿತ್ತೇ? ಆರ್ಕಿಟೆಕ್ಚರ್ ಕಾಲೇಜಿನ ನೀವು ನಕ್ಷೆ ಬರೆಯುವುದು, ಪಾಲಿಟೆಕ್ನಿಕ್ಕಿನ ನಾವು ಕಟ್ಟುವುದು ಎಂದು ಎರಡೂ ಕಡೆಯ ಮೇಷ್ಟ್ರುಗಳು ನಮ್ಮನ್ನು ಗಂಟು ಹಾಕಿದ್ದರು. ನೀವು ಮೆಟ್ರೋ ಇಳಿದು ಬರುವಷ್ಟರಲ್ಲಿ ನಾವು ಕಿಟಕಿಯ ಎತ್ತರ ಬದಲಾಯಿಸಿರುತ್ತಿದ್ದೆವು. ನಾವು ಟೀ ಕುಡಿದು ಬರುವಷ್ಟರಲ್ಲಿ ನೀವು ಪಾಯದ ಗುರುತು ಅಳಿಸಿರುತ್ತಿದ್ದಿರಿ. ಕೊನೆಗೆ ನೀನೇ ಒಂದು ಕಟ್ಟಳೆ ಮಾಡಿದೆ. "ನೆಲದ ಮೇಲಿನ ವಿಷ್ಯಕ್ಕೆ ನಮ್ ಮಾತೇ ಕೊನೆ, ನೆಲದ ಕೆಳಗಿನದಕ್ಕೆ ನಿಮ್ ಮಾತು. ಒಬ್ರ ಪಾಲಿಗೆ ಇನ್ನೊಬ್ರು ಬಾಯಿ ಹಾಕೋ ಹಾಗಿಲ್ಲ ಕಣೋ." ಕೈ ಮೇಲೆ ಕೈ ಇಟ್ಟು ಎಲ್ಲರೂ ಒಪ್ಪಿಕೊಂಡೆವು.

ಆಮೇಲೆ ಕೆಲಸ ಎಷ್ಟು ಸಲೀಸಾಯಿತು! ದೃಷ್ಟಿಬೊಂಬೆ ಕಟ್ಟುವುದು ಬೇಡವೇ ಬೇಡ ಎಂದು ಹಟ ಹಿಡಿದವಳು, ಕೊನೆಗೆ ನೀನೇ ಒಂದು ಬರೆದು ತಂದೆ. ಅದರ ಮೂಗಿನ ಮೇಲೆ ನಮ್ಮ ಮೇಷ್ಟ್ರ ಕನ್ನಡಕ. ಅವರು ಅದನ್ನೇ ನೋಡುತ್ತಾ ನಿಂತಾಗ ನಾವು ಮರಳಿನ ಗುಡ್ಡೆಯ ಹಿಂದೆ ಬಿದ್ದು ಬಿದ್ದು ನಕ್ಕೆವು. ಅಲ್ಲಿದ್ದ ಹೊಂಗೆ ಮರಕ್ಕೆ ಜಾಗ ಬಿಟ್ಟು ಗೋಡೆಯನ್ನು ಬಾಗಿಸಿದ್ದು ನಿನ್ನ ಯೋಚನೆ. ಬೇರಿಗೆ ಪೆಟ್ಟಾಗದಂತೆ ಪಾಯ ತಿರುಗಿಸಿದ್ದು ನಮ್ಮ ಕೈ. ಗುರುತು ಹಾಕುವಾಗ ದಾರದ ಒಂದು ತುದಿ ನಿನ್ನ ಹತ್ತಿರ, ಇನ್ನೊಂದು ನನ್ನ ಹತ್ತಿರ. "ಇಲ್ಲೇ ಮಕ್ಕಳು ಊಟಕ್ಕೆ ಕೂರ್ತಾರೆ, ನೋಡ್ತಿರು," ಅಂದಿದ್ದೆ ನೀನು.

ತಾರಸಿ ಹಾಕಿದ ಮೇಲೆ ಲಕ್ಷ್ಮೀಪತಿಯವರಿಗೆ ದಿಗಿಲು ಶುರುವಾಯಿತು, ಬೇರು ಗೋಡೆ ಸೀಳುತ್ತದೆ, ಎಲೆ ಉದುರಿ ತಾರಸಿಯಲ್ಲಿ ನೀರು ಕಟ್ಟುತ್ತದೆ ಎಂದು. ಮರ ತೆಗೆಸಿಬಿಡೋಣವೇ ಎಂದು ನಿನ್ನನ್ನು ಕೇಳಿದರು. "ಬೇರಿನ ವಿಷ್ಯ ಭೈರೇಶ್ ಅವರದ್ದು ಸಾರ್, ಅವರು ಹೇಗೆ ಹೇಳ್ತಾರೋ ಹಾಗೆ," ಅಂದೆ ನೀನು. ನನ್ನನ್ನು ಕೇಳಿದರು. "ನೆರಳಿನ ವಿಷ್ಯ ವಚನಾ ಅವರದ್ದು ಸಾರ್, ಅವರ ಅಭ್ಯಂತರ ಇಲ್ದಿದ್ರೆ ನಮ್ದೂ ಇಲ್ಲ," ಅಂದೆ ನಾನು. ಕಡಿಯುವುದು ಬೇಡವೆಂದು ನೀನು ಹೇಳುತ್ತೀಯ ಎಂದು ನಾನು ನೆಮ್ಮದಿಯಾಗಿದ್ದೆ, ನಾನು ಬೇಡವೆನ್ನುತ್ತೇನೆ ಎಂದು ನೀನು. ಇಬ್ಬರದೂ ಅಭ್ಯಂತರವಿಲ್ಲ ಎಂದು ಅವರು ತಿಳಿದುಕೊಂಡರು. ಅವರನ್ನು ಹೇಗೆ ಬಯ್ಯಲಿ?

ಯುಗಾದಿ ಮುಗಿಸಿ ಬಂದು ನೋಡಿದರೆ ಗೋಡೆಯ ಬಾಗಿನಲ್ಲಿ ಬರೀ ಬಿಸಿಲು. "ನೀನು ಒಪ್ಕೊಂಡ್ಯಂತೆ?" ಎಂದು ನೀನು. "ನೀನೂ ಒಪ್ಕೊಂಡ್ಯಂತೆ?" ಎಂದು ನಾನು. ಅಷ್ಟೇ. ಉದ್ಘಾಟನೆಯ ದಿನ ಬೇರೆ ಬೇರೆ ಸಾಲಿನಲ್ಲಿ ಕುಳಿತು ಹೋಳಿಗೆ ತಿಂದು, ಬೇರೆ ಬೇರೆ ಬಸ್ಸು ಹತ್ತಿದೆವು.

ವಚನಾ, ಅವತ್ತಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವುದು ಮರವೊಂದೇ ಅಲ್ಲ. ನೀನೆಂದರೆ ನನಗೆ ತುಂಬಾ ಇಷ್ಟವಿತ್ತು. ಅದನ್ನೂ ನಿನ್ನ ಪಾಲಿಗೇ ಬಿಟ್ಟು, ನೀನೇ ಮೊದಲು ಹೇಳಲಿ ಎಂದು ಕಾದೆ. ಈಗ ಏನನ್ನೂ ಕೇಳುತ್ತಿಲ್ಲ, ಉತ್ತರವೂ ಬೇಡ.

ನಿನ್ನೆಯ ಮಾತು ಹೇಳಿ ಮುಗಿಸುತ್ತೇನೆ. ಶಿಶುವಿಹಾರದ ಟೀಚರ್ ನೀಲಗಂಗಮ್ಮನವರು ನೆರಳಿಗೆಂದು ಗೋಡೆಯ ಬಾಗಿನ ಮೇಲೊಂದು ಹಳೇ ಸೀರೆ ಕಟ್ಟಿದ್ದಾರೆ. ಮಕ್ಕಳು ಆ ಗೋಡೆಗೆ ಒರಗಿ ಸಾಲಾಗಿ ಊಟಕ್ಕೆ ಕುಳಿತಿದ್ದವು, ನೀನು ಹೇಳಿದ ಹಾಗೇ. "ಆ ಡಿಸೈನ್ ಹುಡುಗೀನ ಒಂದ್ಮಾತು ಕೇಳ್ಬೇಕಾ?" ಅಂದರು ಲಕ್ಷ್ಮೀಪತಿ. ಗೋಡೆ ನೆಲದ ಮೇಲಿನದು, ನಿನ್ನ ಪಾಲಿನದು. ಹಳೆಯ ಮಾತೇ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಯಾರನ್ನೂ ಕೇಳೋದ್ ಬೇಡ ಸಾರ್. ಒಡೆಯೋದ್ ಬೇಡ. ಇದು ನನ್ ಮಾತು," ಅಂದೆ.

ದೊಡ್ಡ ಜಗಳಕ್ಕೆ ಸಿದ್ಧನಾಗಿಯೇ ನಿಂತಿದ್ದೆ. ಅವರು ಮಕ್ಕಳ ಕಡೆ ಒಮ್ಮೆ ನೋಡಿ, "ಬೇಡ ಅಂದ್ರೆ ಬೇಡ ಬಿಡಪ್ಪಾ, ಅದಕ್ಕೇನಂತೆ," ಎಂದು ಸ್ಕೂಟರ್ ಹತ್ತಿ ಹೊರಟರು.

ಇಷ್ಟೇ ಸಾಕಾಗಿತ್ತು ವಚನಾ, ಅವತ್ತೂ.

ನೀನು ಬರೆಯುವ ಮನೆಗಳಿಗೆಲ್ಲ ಒಂದೊಂದು ಮರ ಇರಲಿ, ನಿನ್ನ ಮನೆಗೂ. ತಣ್ಣಗಿರು.

ದಾರದ ಇನ್ನೊಂದು ತುದಿ ಹಿಡಿದಿದ್ದ,
ಭೈರೇಶ