ಇವತ್ತು ಚಿಪ್ಪು ಬಾಯಿ ಬಿಡೋ ತನಕ ಬೇಯಿಸು

ದಾಉನ್,

ಸಮುದ್ರದ ನೀರು ಇಳೀತಾ ಇದೆ, ಕೆಸರ ಮೇಲೆ ಜಾರೋ ಹಲಗೆ ತಗೊಂಡು ಚಿಪ್ಪು ಆರಿಸೋಕೆ ಹೊರಟೆ. ನಿನ್ನನ್ನ ಎಬ್ಬಿಸಲಿಲ್ಲ. ನಿನ್ನೆ ನಾಲ್ಕು ಮೆಟ್ಟಿಲು ಹತ್ತೋದರೊಳಗೆ ಆ ಪಾಟಿ ಏದುಸಿರು ಬಿಟ್ಟೆಯಲ್ಲ, ಮಲಗು.

ಮಾತ್ರೆ ಮೇಜಿನ ಮೇಲಿದೆ, ಕಿತ್ತಳೆ ಹಣ್ಣಿನ ಜೊತೆ ತಗೋ. ನಿಮ್ಮ ಮಾವ ಹಸಿರು ಚಹಾ ಹಿಡ್ಕೊಂಡು ಬರ್ತಾರೆ, ಆಗ ಕುಡೀಬೇಡ. ಚಹಾ ಕುಡಿದರೆ ಮಾತ್ರೆಯ ಕಬ್ಬಿಣ ಮೈಗೆ ಹತ್ತಲ್ಲ ಅಂದಿದಾಳೆ ನರ್ಸಮ್ಮ. ನಮ್ಮ ತೋಟದ್ದೇ ಎಲೆ ಅಂತ ಅವರು ಮುಖ ಊದಿಸ್ಕೊಂಡರೆ ಊದಿಸ್ಕೊಳ್ಳಲಿ.

ಬಕೆಟ್ಟಲ್ಲಿ ನಮ್ಮ ಕೆಸರಿನ ಕೊಮಾಕ್ ಕಪ್ಪೆಚಿಪ್ಪು ಉಪ್ಪುನೀರಿಗೆ ಹಾಕಿಟ್ಟಿದೀನಿ. ಇದು ಬೇರೆ ಚಿಪ್ಪುಗಳ ಥರ ಅಲ್ಲ, ಒಡೆದರೆ ನಮ್ಮ ಹಾಗೇ ಕೆಂಪು ರಕ್ತ. ಗಾಳಿ ಸರಿಯಾಗಿ ಸಿಗದ ಕೆಸರೊಳಗೆ, ಸಿಕ್ಕ ಚೂರುಪಾರನ್ನೇ ಹಿಡಿದಿಟ್ಟು ಬದುಕೋದು ಆ ಹಿಮೋಗ್ಲೋಬಿನ್ ಬಲದಿಂದ. ನಿನ್ನ ರಕ್ತದಲ್ಲಿ ಕಮ್ಮಿ ಇರೋದೂ ಅದೇ, ಈಗ ಇಬ್ಬರ ಉಸಿರನ್ನ ಹೊರಬೇಕಲ್ಲ. ತಿಂದರೆ ಏರುತ್ತೆ, ನಾನು ಹೇಳ್ತೀನಿ.

ನಮ್ಮೂರಲ್ಲಿ ಚಿಪ್ಪು ಬಾಯಿ ಬಿಡೋ ಮುಂಚೆ ಒಲೆಯಿಂದ ಇಳಿಸ್ತಾರೆ, ರಕ್ತ ಒಳಗೇ ಉಳೀಬೇಕು. ಮದುವೆಯಾದಾಗಿಂದ ನಿನ್ನ ಸಿಯೋಲ್ ಪಟ್ಟಣದ ಅಡುಗೆಯನ್ನ ಬೈತಾ ಬಂದಿದೀನಿ, ಈಗಲೂ ನನ್ನದೇ ಸರಿ. ಆದರೆ ಬಸುರಿಗೆ ಅರೆಬೆಂದದ್ದು ಕೂಡದಂತೆ. ಹಾಗಾಗಿ ಇವತ್ತು ನಿನ್ನ ಥರಾನೇ ಬೇಯಿಸು, ಒಂದೊಂದೂ ಬಾಯಿ ಬಿಡಲಿ. ಸಾರು ಚೆಲ್ಲಬೇಡ, ಕುಡಿ.

ಪಕ್ಕದ ಮನೆ ಓಕ್‌ನ್ಯೊ ಇಣುಕಿ ನೋಡಿ ನಕ್ಕರೆ, "ಅತ್ತೆಯೇ ಹೇಳಿದ್ದು" ಅನ್ನು.

ಅವಳು ನಂಬಲ್ಲ. ಈ ಚೀಟಿ ತೋರಿಸು.

ಅತ್ತೆ